ಆಯಿಲಿಗೆ ನೀರು ಸೇರಿದ್ದು ಎಲ್ಲಿಂದ

ಕುಷ್ಟಗಿಯಲ್ಲಿ ನನ್ನದೊಂದು ಗ್ಯಾರೇಜು ಇದೆ. ಹೊಸ ಕಾರುಗಳು ದೊಡ್ಡ ಊರಿನ ಶೋರೂಮಿಗೆ ಹೋಗುತ್ತವೆ. ಅವಕ್ಕೆ ವಯಸ್ಸಾದ ಮೇಲೆ, ಮಾಲೀಕರಿಗೂ ಅಲ್ಲಿನ ತಣ್ಣನೆಯ ಕೋಣೆಯಲ್ಲಿ ಕೂತು ಕಾಯುವುದು ಸಾಕಾದ ಮೇಲೆ, ನನ್ನ ಹತ್ತಿರ ಬರುತ್ತವೆ. ಇಪ್ಪತ್ತು ವರ್ಷದ ಮೇಲಾಯಿತು ಈ ಕೆಲಸ ಹಿಡಿದು. ಸದ್ದು ಕೇಳಿಯೇ ಗಾಡಿಯ ರೋಗ ಹೇಳುತ್ತಾನೆ ಎಂಬ ಹೆಸರು ಊರಿನಲ್ಲಿ ನನಗಿತ್ತು. ಆ ಹೆಸರು ಹಿತವಾಗಿಯೂ ಇತ್ತು.

ನಮ್ಮ ಗಿರಾಕಿಗಳಲ್ಲಿ ಒಬ್ಬರು ನರ್ಸ್. ನಮ್ಮ ಕಡೆ ಟೀಚರನ್ನೂ ನರ್ಸನ್ನೂ ಬಾಯಾರು ಅನ್ನುತ್ತೇವೆ, ನಾನೂ ಹಾಗೇ ಕರೆಯುತ್ತಿದ್ದೆ. ತವರು ಗಂಗಾವತಿ ಕಡೆ, ಕಾಲುವೆ ನೀರಿನ ಊರು. ಗಂಡನದು ಕುಷ್ಟಗಿಯಲ್ಲಿ ಗೊಬ್ಬರ, ಬೀಜದ ಅಂಗಡಿ. ಇವರ ಕೆಲಸ ಹನುಮಸಾಗರದ ಆಸ್ಪತ್ರೆಯಲ್ಲಿ. ಬಸ್ಸು ಇವರ ಡ್ಯೂಟಿಯ ಹೊತ್ತಿಗೆ ಹೊಂದುತ್ತಿರಲಿಲ್ಲವಾದ್ದರಿಂದ ಯಾರೋ ಓಡಿಸಿ ಬಿಟ್ಟ ಡೀಸೆಲ್ ಕಾರೊಂದನ್ನು ಮನೆಯವರು ಕೊಂಡಿದ್ದರು. ಗಂಡನಿಗೆ ಬೈಕಿನ ಮೇಲೇ ಜೀವ, ಸ್ಟೇರಿಂಗ್ ಹಿಡಿಯಲು ಆತನಿಗೆ ಮನಸ್ಸಿರಲಿಲ್ಲ. ಬಾಯಾರೇ ಕಲಿತರು, ಬಾಯಾರೇ ಓಡಿಸಿದರು. ಹನುಮಸಾಗರದ ರಸ್ತೆಯಲ್ಲಿ ಟ್ರ್ಯಾಕ್ಟರು, ಕುರಿಹಿಂಡು, ರಸ್ತೆ ಮೇಲೆ ಹರವಿದ ತೊಗರಿ ಹೊಟ್ಟು ಎಲ್ಲವನ್ನೂ ದಾಟಿಕೊಂಡು ದಿನಾ ಹೋಗಿಬರುವ ಹೆಣ್ಣುಮಗಳು ಆಗ ಅವರೊಬ್ಬರೇ ಇದ್ದರು ಅಂತ ಕಾಣುತ್ತದೆ.

ಒಂದು ಮುಂಜಾನೆ ಅವರು ಕಾರು ತಂದು ನಿಲ್ಲಿಸಿದರು.

"ಮಿಸ್ತ್ರಿ, ನೀರು ಕಡಿಮಿ ಆಗಾಕತ್ತಾವ್ರಿ. ವಾರಕ್ಕೊಮ್ಮಿ ಹಾಕ್ಬೇಕಾಗೇತಿ."

ನೀರು ಅಂದರೆ ಎಂಜಿನ್ ತಣ್ಣಗಿಡುವ ಕೂಲಂಟ್. ಹಸಿರು ಬಣ್ಣದ್ದು ಹಾಕಿದರೂ ನಮ್ಮ ಮಂದಿ ಅದಕ್ಕೆ ನೀರು ಅಂತಲೇ ಅನ್ನುತ್ತಾರೆ.

"ಎಲ್ಲ್ಯರ ಸೋರ್ತಿರ್ಬೇಕ್ರಿ, ಪೈಪ್ ನೋಡ್ತೀನಿ" ಅಂದೆ.

"ಸೋರಂಗಿಲ್ರಿ. ರಾತ್ರಿ ಗಾಡಿ ಕೆಳಗ ಸಿಮೆಂಟ್ ಚೀಲ ಹಾಸಿ ಇಟ್ಟಿದ್ದೆ. ಮುಂಜಾನಿ ನೋಡಿದ್ರ ಒಂದ ಹನಿ ಇಲ್ಲ. ಕೆಳಗ ಬೀಳಂಗಿಲ್ಲ ಅಂದ್ರ ಒಳಗ ಎಲ್ಲ್ಯೋ ಹೊಕ್ಕಾವ್ರಿ."

ಗಿರಾಕಿಗಳಲ್ಲಿ ಇಷ್ಟು ನೋಡಿಕೊಂಡು ಬರುವವರು ಕಡಿಮೆ. ಅದನ್ನು ಆಗಲೇ ನಾನು ಮನಸ್ಸಿಗೆ ಹಾಕಿಕೊಳ್ಳಬೇಕಿತ್ತು. ನಾನು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ. ಒಳಮೈಗೆ ಬೆಣ್ಣೆಯಂಥದ್ದು ಮೆತ್ತಿಕೊಂಡಿತ್ತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಕಪ್ಪಗಿರಬೇಕಾದ ಆಯಿಲು ಹಾಲು ಹೆಚ್ಚಾದ ಚಹಾದಂತೆ ಇತ್ತು. ಆಯಿಲಿನಲ್ಲಿ ನೀರು ಸೇರಿದರೆ ಹಾಗಾಗುತ್ತದೆ. ಎಂಜಿನ್ನಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ.

"ಎಂದರ ಗಾಡಿ ಕಾದಿತ್ತೇನ್ರಿ?" ಎಂದು ಕೇಳಿದೆ.

ಅವರು ಒಂದು ಗಳಿಗೆಯೂ ಯೋಚಿಸದೆ ಹೇಳಿದರು. "ಕಾದಿತ್ತಲ್ರಿ, ಹ್ವಾದ ಬ್ಯಾಸಿಗ್ಯಾಗ. ಯಲಬುರ್ಗಾದಿಂದ ಬರೂವಾಗ ಕಾವಿನ ಮುಳ್ಳು ಮ್ಯಾಲ ಹೋತು. ಅಲ್ಲೇ ಬೇವಿನ ಗಿಡದ ಕೆಳಗ ನಿಲ್ಸಿದ್ದೆ. ನೀವ ಬಂದು ಫ್ಯಾನಿನ ವೈರ್ ಜೋಡಿಸಿದ್ರಲ್ಲ?"

"ಹಂಗಾರ ಅದರದ ಇದು. ಹೆಡ್ ಗ್ಯಾಸ್ಕೆಟ್ ಹೋಗೈತಿ."

ಎಂಜಿನ್ನಿನ ಮೇಲುಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ತೆಳುವಾದ ಹಾಳೆ ಅದು. ಗಾಡಿ ಅತಿಯಾಗಿ ಕಾದರೆ ಮೇಲುಭಾಗ, ಅಂದರೆ ಹೆಡ್, ಸೊಟ್ಟಗಾಗಿ ಹಾಳೆ ಒಡೆಯುತ್ತದೆ, ನೀರು ಆಯಿಲಿಗೆ ಇಳಿಯುತ್ತದೆ. ಹತ್ತರಲ್ಲಿ ಎಂಟು ಗಾಡಿಗಳ ಕಥೆ ಇದೇ. ಆದರೆ ಹಾಗೆ ಹೇಳುವ ಮೊದಲು ನೋಡಬೇಕಾದವು ಇದ್ದವು. ಹೊಗೆ ಬೆಳ್ಳಗೆ ಬರುತ್ತಿದೆಯೇ, ಎಂಜಿನ್ ಓಡುವಾಗ ನೀರಿನ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿವೆಯೇ, ಮುಂಜಾನೆ ಸ್ಟಾರ್ಟ್ ಆಗುವಾಗ ತೊಡರುತ್ತಿದೆಯೇ. ನಾನು ಯಾವುದನ್ನೂ ನೋಡಲಿಲ್ಲ. ನೀರಿನ ಡಬ್ಬಿಯ ಮುಚ್ಚಳ ತೆಗೆದಾಗ ಬಾಯಿಗೆ ಜಿಡ್ಡು ಹತ್ತಿದ್ದು ಕಂಡಿತ್ತು. ಬೆರಳಿನಿಂದ ಒರೆಸಿ, ಬೆರಳನ್ನು ಬಟ್ಟೆಗೆ ಒರೆಸಿಕೊಂಡೆ. ಅಷ್ಟೇ.

ಅಲ್ಲಿಯೇ, ಬಾಯಾರ ಎದುರಿಗೇ, ಅವರ ಗಂಡನಿಗೆ ಫೋನ್ ಹಚ್ಚಿದೆ. ದೊಡ್ಡ ಕೆಲಸ, ಮನೆಯ ಯಜಮಾನನ ಒಪ್ಪಿಗೆ ಬೇಕು ಎಂಬುದು ನಮ್ಮ ರೂಢಿ. ಕಾರು ಓಡಿಸುವವರು, ಅದಕ್ಕೆ ಡೀಸೆಲ್ ಹಾಕಿಸುವವರು ಎದುರಿಗೇ ನಿಂತಿದ್ದಾರೆ ಎಂಬುದು ಆಗ ಹೊಳೆಯಲಿಲ್ಲ.

"ಸಾವ್ಕಾರ್ರ, ಹೆಡ್ ಇಳಸಬೇಕಾಗತೈತ್ರಿ. ಬಾಯಾರು ಗಾಡಿ ಕಾಯ್ಸ್ಯಾರ."

ಫೋನಿನ ಆಚೆಯಿಂದ "ಮಾಡ್ರಿ ಮತ್ತ, ಏನ್ ಮಾಡೂದು" ಎಂದರು. ನಾನು ಫೋನ್ ಇಳಿಸಿ ನೋಡಿದಾಗ ಬಾಯಾರು ಕಾರಿನ ಹಿಂದಿನ ಸೀಟಿನಿಂದ ತಮ್ಮ ಬುತ್ತಿಯ ಚೀಲ ತೆಗೆದುಕೊಳ್ಳುತ್ತಿದ್ದರು. "ನಾ ಲಗೂನ ನಿಲ್ಸಿದ್ನಲ್ರಿ" ಎಂದರು, ನನಗಲ್ಲ, ತಮಗೇ ಎಂಬಂತೆ. ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು.

ಹೆಡ್ ಇಳಿಸಿದೆ. ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಒಂದು ಕಡೆಯೂ ಸುಟ್ಟಿರಲಿಲ್ಲ, ಹರಿದಿರಲಿಲ್ಲ. ಹೆಡ್ ಸೊಟ್ಟಗಾಗಿರಬೇಕು ಅಂದುಕೊಂಡು ಗಂಗಾವತಿಯ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನವರು ಉಕ್ಕಿನ ಪಟ್ಟಿ ಇಟ್ಟು, ಬಣ್ಣ ಹಚ್ಚಿ ಬಿರುಕು ನೋಡಿ, "ಹೆಡ್ ಛಲೋ ಐತಿ. ಯಾಕ ಬಿಚ್ಚಿದಿ ಇದನ್ನ?" ಎಂದರು.

"ಗಾಡಿ ಕಾದಿತ್ತು" ಅಂದೆ.

"ಕಾದದ್ದು ಹಿಂಗ ಇರಂಗಿಲ್ಲ ಬಿಡು."

ಬರುವಾಗ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಕಣ್ಣಿಗೆ ಕಾಣದ ಸೀಳು ಇರುತ್ತದೆ, ಗ್ಯಾಸ್ಕೆಟ್ ಒಳಪದರದಲ್ಲಿ ಒಡೆದಿರುತ್ತದೆ. ಅಂಥದ್ದು ಇರುತ್ತದೆ, ಸುಳ್ಳಲ್ಲ. ಆದರೆ ನಾನು ಅದನ್ನು ನಂಬಿದ್ದು ಅದು ಕಂಡಿದ್ದಕ್ಕಲ್ಲ. ಫೋನಿನಲ್ಲಿ ಒಂದು ಮಾತು ಆಡಿಬಿಟ್ಟಿದ್ದೆ, ಅದಕ್ಕೆ.

ಕೆಲಸ ನಡೆದಾಗ ಒಂದು ಸಂಜೆ ಬಾಯಾರ ಗಂಡ ಬಂದರು. ಒಳ್ಳೆಯ ಮನುಷ್ಯ, ಚಹಾ ತರಿಸಿದರು, ಬಿಚ್ಚಿಟ್ಟ ಎಂಜಿನ್ ನೋಡಿ ನಕ್ಕರು. "ನಮ್ಮಾಕಿ ಮುಂದ ಮುಳ್ಳು ಕುಣದ್ರೂ ಕಾಣಂಗಿಲ್ರಿ. ಇನ್ನ ಮ್ಯಾಲ ನಮ್ಮ ತಮ್ಮಗ ಕೊಡ್ತೀನಿ ಕೀಲಿ. ಹೆಣಮಕ್ಕಳಿಗೆ ಗಾಡಿ ಕೊಟ್ರ ಹಿಂಗ ನೋಡ್ರಿ."

ನಾನೂ ನಕ್ಕೆ. ಗಿರಾಕಿ ನಕ್ಕಾಗ ನಗುವುದು ಅಂಗಡಿ ಇಟ್ಟವನ ಚಾಳಿ. ಪಕ್ಕದ ಕಟ್ಟೆಯ ಮೇಲೆ ಆ ಗ್ಯಾಸ್ಕೆಟ್ ಇತ್ತು, ಒಂದು ಕಲೆಯೂ ಇಲ್ಲದೆ. ಅದರ ಮೇಲೆ ಹಳೆಯ ಪೇಪರು ಎಳೆದು ಮುಚ್ಚಿದೆ. ಯಾಕೆ ಮುಚ್ಚಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಧೂಳಿಗೆ ಅನ್ನುತ್ತಿದ್ದೆ.

ಹೊಸ ಗ್ಯಾಸ್ಕೆಟ್ ಹಾಕಿ, ಆಯಿಲು, ನೀರು ಎರಡನ್ನೂ ಬದಲಿಸಿ ಕಾರು ಕೊಟ್ಟೆ. ಒಯ್ಯಲು ಬಂದದ್ದು ಗಂಡನ ತಮ್ಮ. ಆತ ಸ್ವಲ್ಪ ದಿನಕ್ಕೇ ಮತ್ತೆ ತಂದ.

"ನೀರು ಮತ್ತ ಕಡಿಮಿ ಆಗ್ಯಾವ್ರಿ. ಈ ಸಲ ವೈನಿ ಗಾಡಿ ಮುಟ್ಟೇ ಇಲ್ಲ ನೋಡ್ರಿ" ಎಂದ. ಆತ ಸುಮ್ಮನೆ ಹೇಳಿದ್ದು, ಚುಚ್ಚಲು ಅಲ್ಲ. ಅತ್ತಿಗೆ ಮುಟ್ಟಿಲ್ಲ, ಹಾಗಾಗಿ ತಪ್ಪು ತನ್ನದಾಗುತ್ತದೇನೋ ಎಂಬ ಹೆದರಿಕೆ ಆತನ ದನಿಯಲ್ಲಿತ್ತು. ನಾನು ಕಡ್ಡಿ ಎಳೆದೆ. ಅದೇ ಚಹಾದ ಬಣ್ಣ.

ಆ ದಿನ ಬೇರೆ ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಎಂಜಿನ್ ಚಾಲೂ ಮಾಡಿ ನೀರಿನ ಡಬ್ಬಿಯ ಬಾಯಿ ತೆಗೆದು ನಿಂತೆ. ಗುಳ್ಳೆ ಏಳಲಿಲ್ಲ. ಹೊಗೆ ಬೆಳ್ಳಗಿರಲಿಲ್ಲ. ಆದರೆ ನೀರಿನ ಮೇಲೆ ಮತ್ತೆ ಜಿಡ್ಡಿನ ತೆಳು ಪದರ, ಮಳೆನೀರಿನ ಮೇಲೆ ಡೀಸೆಲ್ ಬಿದ್ದಂಥದ್ದು. ಅಂದರೆ ನೀರು ಆಯಿಲಿಗೆ ಹೋಗುವುದಷ್ಟೇ ಅಲ್ಲ, ಆಯಿಲೂ ನೀರಿಗೆ ಬರುತ್ತಿತ್ತು. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಹೆಚ್ಚು, ಅದು ನೀರಿನ ಕಡೆ ನುಗ್ಗುತ್ತದೆ. ಎಂಜಿನ್ ನಿಂತ ಮೇಲೆ ಆಯಿಲಿನ ಒತ್ತಡ ಬಿದ್ದುಹೋಗುತ್ತದೆ, ಬಿಸಿನೀರಿನದು ಉಳಿದಿರುತ್ತದೆ, ಆಗ ನೀರು ಈ ಕಡೆ ಬರುತ್ತದೆ. ಇವೆರಡೂ ಮೈಗೆ ಮೈ ಹಚ್ಚಿಕೊಂಡು ಹರಿಯುವ ಜಾಗ ಈ ಗಾಡಿಯಲ್ಲಿ ಇನ್ನೊಂದಿದೆ. ಆಯಿಲ್ ಕೂಲರ್. ಫಿಲ್ಟರಿನ ಬುಡಕ್ಕೆ ಬಿಗಿದಿರುವ ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಒಳಗೆ ತೆಳು ತಗಡಿನ ಈ ಬದಿ ಆಯಿಲು, ಆ ಬದಿ ನೀರು.

ಅದನ್ನು ಬಿಚ್ಚಿ ತೊಳೆದೆ. ನೀರಿನ ಕಡೆಯ ಒಂದು ಬಾಯಿಗೆ ರಬ್ಬರಿನ ಬಿರಡೆ ಬಡಿದು, ಇನ್ನೊಂದಕ್ಕೆ ಟೈರಿಗೆ ಗಾಳಿ ಹಿಡಿಯುವ ಪೈಪು ಸಿಕ್ಕಿಸಿದೆ. ಡಬ್ಬಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಒಂದು ಕ್ಷಣ, ಈಗ ಹೇಳಲು ನಾಚಿಕೆಯಾಗುತ್ತದೆ, ಅದು ಗಟ್ಟಿಯಾಗಿರಲಿ ಎಂದು ಬಯಸಿದೆ. ಆಮೇಲೆ ಆಯಿಲಿನ ಕಡೆಯ ತೂತಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗಿದವು. ಗಾಳಿ ನಿಲ್ಲಿಸಿದರೆ ನಿಂತವು, ಬಿಟ್ಟರೆ ಎದ್ದವು. ವಯಸ್ಸಾಗಿ, ಒಳಗಿನ ತಗಡು ಉಪ್ಪುನೀರಿಗೆ ತಿಂದುಹೋಗಿತ್ತು. ನಮ್ಮ ಬೋರಿನ ನೀರು ಹಾಕಿದವರು ಯಾರೋ, ಬಾಯಾರ ಕೈಗೆ ಬರುವ ಮೊದಲಿನ ಮಾಲೀಕರೋ. ಯಾರು ಹೇಗೆ ಓಡಿಸಿದ್ದರೂ ಅದು ಆಗುತ್ತಿತ್ತು.

ಬೇವಿನ ಗಿಡದ ಕೆಳಗಿನ ಆ ಮಧ್ಯಾಹ್ನ ನೆನಪಿಗೆ ಬಂತು. ಯಲಬುರ್ಗಾ ರಸ್ತೆಗೆ ನಾನೇ ಬೈಕ್ ಮೇಲೆ ಹೋಗಿದ್ದೆ. ಎಂಜಿನ್ ಮುಟ್ಟಿ ನೋಡಿ, "ಛಲೋ ಮಾಡೀರಿ, ಲಗೂನ ನಿಲ್ಸೀರಿ, ಏನೂ ಆಗಿಲ್ಲ" ಎಂದವನು ನಾನೇ.

ಹೊಸ ಕೂಲರ್ ತರಿಸಿ ಹಾಕಿದೆ. ಆಯಿಲನ್ನು ತೊಳೆದು ತೊಳೆದು ಮತ್ತೆ ಮತ್ತೆ ಬದಲಿಸಿದೆ. ಎರಡೂ ಕೆಲಸಕ್ಕೆ ಕೂಲಿ ಹಿಡಿಯಲಿಲ್ಲ. ಅದು ಸುಲಭದ ಭಾಗ. ಬಾಯಾರ ಗಂಡನಿಗೆ ಫೋನ್ ಮಾಡಿ ನಾನು ಹೇಳಿದ್ದು ಇಷ್ಟು: "ಬ್ಯಾರೆ ಒಂದು ಪಾರ್ಟ್ ಹಳೇದಾಗಿತ್ರಿ. ಬದ್ಲಿ ಮಾಡೀನಿ. ಈಗ ಸರಿ ಆತು."

"ಹಳೇ ಗಾಡಿ, ಏನರ ಒಂದ ಇರತೈತಿ" ಎಂದು ಅವರು ಫೋನ್ ಇಟ್ಟರು. ಮೊದಲು ಹೇಳಿದ್ದು ಸುಳ್ಳು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅವರೂ ಕೇಳಲಿಲ್ಲ.

ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಂದ್ರ ಆ ಬಾಯಾರು ಏನೂ ಮಾಡಿರ್ಲಿಲ್ಲ?"

"ಇಲ್ಲ."

"ಅವರ ಮನ್ಯಾಗ ಹಂಗಂತ ಹೇಳಿದ್ಯಾ?"

"ಪಾರ್ಟ್ ಹಳೇದಾಗಿತ್ತು ಅಂತ ಹೇಳೀನಿ."

"ಪಾರ್ಟಿನ ಸುದ್ದಿ ಯಾರು ಕೇಳ್ಯಾರ" ಎಂದು ಆಕೆ ಮತ್ತೆ ಉಣ್ಣತೊಡಗಿದಳು. ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಬಾಯಾರು ಸಿಕ್ಕದ್ದು ಬಸ್‌ಸ್ಟ್ಯಾಂಡಿನಲ್ಲಿ. ಒಂದು ಗಾಡಿಯ ಬೇರಿಂಗು ಪಾರ್ಸಲ್ ಬಂದಿತ್ತು, ಬಿಡಿಸಿಕೊಳ್ಳಲು ಹೋಗಿದ್ದೆ. ಹನುಮಸಾಗರದ ಬಸ್ಸಿಗೆ ನೂಕಾಟ ನಡೆದಿತ್ತು. ಅವರು ಹತ್ತದೆ ಪಕ್ಕಕ್ಕೆ ಸರಿದು ನಿಂತಿದ್ದರು, ಮುಂದಿನದಕ್ಕೆ. ನನ್ನನ್ನು ಕಂಡು ಅವರೇ ಮಾತಾಡಿಸಿದರು.

"ಮಿಸ್ತ್ರಿ, ಒಂದ ಮಾತು ಕೇಳ್ತೀನಿ. ಎರಡನೇ ಸಲ ಬ್ಯಾರೆ ಪಾರ್ಟ್ ಹಾಕೀರಂತ. ಅದನ್ನ ಹಾಕಿದ ಮ್ಯಾಗ ನೀರು ಕಡಿಮಿ ಆಗವಲ್ವು ಅಂತ ನಮ್ಮ ಮೈದುನ ಅಂದ. ಅಂದ್ರ ಮೊದ್ಲಿನ ಗ್ಯಾಸ್ಕೆಟ್ ಛಲೋನ ಇತ್ತೇನ್ರಿ?"

"ಛಲೋ ಇತ್ರಿ" ಅಂದೆ.

ಅವರು ತಲೆಯಾಡಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನಾ ದಿನಾ ನೆನಸ್ಕೊಂತಿದ್ದೆ" ಎಂದರು. "ಮುಳ್ಳು ಮ್ಯಾಲ ಹೋದಿಂದ ಆ ಗಿಡದ ತನಕ ಎಷ್ಟು ದೂರ ಬಂದ್ನಿ, ಅಲ್ಲೇ ರಸ್ತಾದಾಗ ನಿಲ್ಸಿದ್ರ ಉಳೀತಿತ್ತೇನು, ಹೊಲದವ್ರು ಕೊಟ್ಟ ನೀರು ಗಾಡಿ ಆರೂ ಮೊದ್ಲ ಹಾಕಿದ್ನೇನು ಅಂತ. ಬಸ್ಸಿನ್ಯಾಗ ಕುಂತು ಅದ ವಿಚಾರ. ನಂದ ತಪ್ಪು ಅಂತ ಒಪ್ಕೊಂಡಬಿಟ್ಟಿದ್ದೆ. ನಮ್ಮ ಮನಿಯವರ ಮುಂದನೂ ಹೌದು ಅಂದಿದ್ದೆ."

ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಕಡೆ ನೋಡದೆ ಒಳಗೆ ನಿಂತುಕೊಂಡರು. ನಾನು ಪಾರ್ಸಲ್ ಬಿಡಿಸಿಕೊಳ್ಳುವುದನ್ನು ಮರೆತು ಗ್ಯಾರೇಜಿಗೆ ಬಂದೆ, ಮತ್ತೆ ಹೋಗಬೇಕಾಯಿತು.

ಮರುದಿನ ಭಾನುವಾರ. ಮುಂಜಾನೆ ಅವರ ಮನೆಗೆ ಹೋದೆ. ಗಂಡ ಪಡಸಾಲೆಯಲ್ಲಿ ಕೂತಿದ್ದರು, ಅವರ ತಾಯಿ ಹೊಸ್ತಿಲ ಬಳಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಬಾಯಾರು ಒಳಗಿದ್ದರು. ಕುಂದರ್ರಿ, ಚಹಾ ಕುಡೀರಿ, ಎಲ್ಲ ಆಯಿತು. ಚಹಾ ಮುಗಿದರೆ ಎದ್ದು ಹೋಗಿಬಿಡುತ್ತೇನೆ ಎಂಬ ಅಂಜಿಕೆಯಿಂದ ಕಪ್ಪು ಕೈಯಲ್ಲಿ ಹಿಡಿದೇ ಹೇಳಿದೆ.

"ಸಾವ್ಕಾರ್ರ, ನಾ ಅವತ್ತು ಫೋನಿನ್ಯಾಗ ತಪ್ಪು ಹೇಳಿದ್ನಿ. ಬಾಯಾರು ಗಾಡಿ ಕೆಡ್ಸಿಲ್ಲ. ಗಾಡಿ ಕಾದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಾನು ಸರಿಯಾಗಿ ನೋಡ್ದ ಹೆಡ್ ಇಳಿಸಿದ್ನಿ. ತಪ್ಪು ನಂದು."

ಗಂಡ ನನ್ನ ಮುಖ ನೋಡಿದರು, ಆಮೇಲೆ ಒಳಬಾಗಿಲ ಕಡೆ ನೋಡಿದರು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತ್ತು.

ಮಾತಾಡಿದ್ದು ಅವರ ತಾಯಿ. "ಆದ್ರೂ ಒಮ್ಮಿ ಕಾಯ್ಸಿದ್ದು ಖರೆ ಅಲ್ಲೇನಪಾ?"

"ಫ್ಯಾನಿನ ವೈರ್ ಬಿಚ್ಚಿತ್ರಿ ಅಮ್ಮಾ. ಯಾರು ಓಡ್ಸಿದ್ರೂ ಕಾಯ್ತಿತ್ತು. ಅವರು ನಿಲ್ಸಿದ್ದಕ್ಕ ಉಳೀತು."

"ಹ್ಞೂಂ" ಎಂದು ಅವರು ಸೊಪ್ಪಿನ ಕಡೆ ತಿರುಗಿದರು. ಅವರ ಮನಸ್ಸಿನಲ್ಲಿ ಏನೂ ಬದಲಾಗಲಿಲ್ಲ ಎಂದು ತಿಳಿಯಿತು. ಮೊದಲ ಮಾತು ಒಂದು ಸಲ ಕೂತ ಮೇಲೆ ಎರಡನೆಯದಕ್ಕೆ ಕೂರಲು ಜಾಗ ಎಲ್ಲಿ.

ಗಂಡ ನನ್ನನ್ನು ಬಾಗಿಲ ತನಕ ಕಳಿಸಲು ಬಂದರು. ಚಪ್ಪಲಿ ಮೆಟ್ಟುವಾಗ ತಗ್ಗಿದ ದನಿಯಲ್ಲಿ ಹೇಳಿದರು. "ನಾ ಅಂಗಡ್ಯಾಗ ನಾಕ ಮಂದಿ ಮುಂದ ಆಕೀಗೆ ಚಾಷ್ಟಿ ಮಾಡಿದ್ನಿ ಮಿಸ್ತ್ರಿ. ನಿಮಗರ ಒಂದ ಮನೀಗ ಬಂದು ಹೇಳಿದ್ರ ಮುಗೀತು. ನಾ ಆ ಮಂದಿಗೆಲ್ಲ ಹೇಳ್ಬೇಕು."

ನನಗೆ ಮುಗಿದಿದೆ ಎಂದು ಅವರಿಗೆ ಅನ್ನಿಸಿತ್ತು.

ಕೀಲಿ ಕೂಡಲೇ ಬಾಯಾರ ಕೈಗೆ ಬರಲಿಲ್ಲ. ಮೈದುನನಿಗೆ ಕಾರಿನ ರುಚಿ ಹತ್ತಿತ್ತು. ಗೊಬ್ಬರದ ಹಂಗಾಮು ಬೇರೆ, ಊರೂರು ತಿರುಗುವ ಕೆಲಸ. ಬಾಯಾರು ಬಸ್ಸಿನಲ್ಲೇ ಹೋಗುತ್ತಿದ್ದರು. ನಾನು ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ಮಳೆಗಾಲ ಮುಗಿದ ಮೇಲೆ ಮೈದುನನಿಗೆ ಗಿಣಿಗೇರಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಆತ ಅಲ್ಲೇ ಕೋಣೆ ಮಾಡಿದ. ಕಾರು ಮನೆ ಮುಂದೆ ನಿಂತೇ ಉಳಿಯಿತು. ಒಂದು ದಿನ ಬಾಯಾರೇ ಫೋನ್ ಮಾಡಿದರು. "ಬ್ಯಾಟ್ರಿ ಸತ್ತೈತ್ರಿ, ಬರ್ತೀರೇನು?"

ಬ್ಯಾಟರಿ ಹಾಕಿಕೊಟ್ಟೆ. ಅವರು ಚಾಲೂ ಮಾಡಿ, ನಂತರ ಇಳಿಯದೆ, ಸ್ಟೇರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತರು. "ಬಾಜೂಕ ಕುಂದರ್ರಿ ಮಿಸ್ತ್ರಿ, ಒಂದ ಸುತ್ತು ಹೋಗಿ ಬರೋಣು. ಭಾಳ ದಿನಾ ಆತು."

ಮೊದಲು ಅವರು ಆರಾಮವಾಗಿ ಮಾತಾಡುತ್ತ ಓಡಿಸುತ್ತಿದ್ದವರು. ಆ ದಿನ ಮಾತಿಲ್ಲ. ಎರಡು ಕ್ಷಣಕ್ಕೊಮ್ಮೆ ಕಣ್ಣು ಮುಳ್ಳಿನ ಕಡೆಗೆ. ಎದುರಿಗೆ ಎಮ್ಮೆ ಬಂದದ್ದು ತಡವಾಗಿ ಕಂಡು ಜೋರಾಗಿ ಬ್ರೇಕ್ ಹಾಕಿದರು. ಇಬ್ಬರೂ ಮುಂದಕ್ಕೆ ವಾಲಿದೆವು.

"ಅದನ್ನ ನೋಡಬ್ಯಾಡ್ರಿ ಬಾಯಾರ. ಕೂಲರ್ ಹೊಸಾದು ಐತಿ. ಏನೂ ಆಗಂಗಿಲ್ಲ" ಅಂದೆ.

"ಆಗಂಗಿಲ್ಲ ಅಂತ ನನಗೂ ಗೊತ್ತೈತ್ರಿ" ಎಂದರು. "ಆದ್ರೂ ಕಣ್ಣು ಅಲ್ಲೇ ಹೋಗ್ತಾವು."

ಅದಕ್ಕೆ ಹಾಕಲು ನನ್ನ ಗ್ಯಾರೇಜಿನಲ್ಲಿ ಯಾವ ಪಾರ್ಟೂ ಇರಲಿಲ್ಲ. ಊರ ಹೊರಗಿನ ತಿರುವಿನಿಂದ ಹೊರಳಿ ಬಂದೆವು.

ಮುಂದಿನ ವಾರದಿಂದ ಅವರು ಮತ್ತೆ ಕಾರಿನಲ್ಲೇ ಹನುಮಸಾಗರಕ್ಕೆ ಹೋಗತೊಡಗಿದರು. ಆದರೆ ಆಯಿಲ್ ಬದಲಿಸುವ ಹೊತ್ತಿಗೆ ನನ್ನ ಹತ್ತಿರ ಬರಲಿಲ್ಲ. ಇಳಕಲ್ಲಿನ ಯಾವುದೋ ಗ್ಯಾರೇಜಿಗೆ ಒಯ್ಯುತ್ತಾರೆ ಎಂದು ಅವರ ಗಂಡ ಒಮ್ಮೆ ಹೇಳಿದರು, ಕ್ಷಮೆ ಕೇಳುವವರಂತೆ. "ಆಕೀ ಗಾಡಿ, ಆಕೀನ ನೋಡ್ಕೊಂತಾಳ್ರಿ." "ಬರೋಬ್ಬರಿ, ಹಂಗ ಆಗ್ಬೇಕ್ರಿ" ಅಂದೆ.

ಈಚೆಗೆ ಒಂದು ಮದುವೆಯಲ್ಲಿ ಬಾಯಾರು ನನ್ನ ಹೆಂಡತಿಯ ಪಕ್ಕ ಊಟಕ್ಕೆ ಕೂತಿದ್ದರಂತೆ. ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. "ಮಿಸ್ತ್ರಿ ನಮ್ಮ ಮನೀಗೆ ಬಂದು ಹಿರೇರ ಮುಂದ ಹೇಳಿದ್ರಲ್ಲ, ಅಷ್ಟು ಯಾರೂ ಮಾಡಂಗಿಲ್ಲ ಅಂದ್ರು. ನಿನ್ನ ಭಾಳ ಹೊಗಳಿದ್ರು."

"ಹಂಗಾರ ಗಾಡಿ ಯಾಕ ತರಂಗಿಲ್ಲ?" ಎಂದು ಕೇಳಿದೆ.

"ಅದನ್ನ ನಾ ಕೇಳ್ಲಿಲ್ಲ" ಎಂದಳು ಆಕೆ, ರೇಷ್ಮೆ ಸೀರೆ ಮಡಚುತ್ತ.